ಸ್ಪ್ರೇಯರಿಗೆ ಲಿಥಿಯಂ ಹಾಕುವಿರಾ? ಚಾರ್ಜರೂ ಬದಲಾಗಲಿ

ಬೆನ್ನಿಗೇರಿಸುವ ಬ್ಯಾಟರಿ ಸ್ಪ್ರೇಯರಿನಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಟ್ಯಾಂಕು ಗಟ್ಟಿ ಇರುತ್ತದೆ, ಪಂಪು ತಿರುಗುತ್ತದೆ. ಆದರೆ ಎರಡು-ಮೂರು ಮಳೆಗಾಲ ಕಳೆದ ಮೇಲೆ ನಾಲ್ಕೇ ಟ್ಯಾಂಕಿಗೆ ಉಸಿರು ನಿಲ್ಲುತ್ತದೆ. ಅಂಗಡಿಗೆ ಒಯ್ದರೆ ಈಗ ಸಿಗುವ ಸಲಹೆ ಒಂದೇ: "ಲೆಡ್ ಬೇಡ, ಲಿಥಿಯಂ ಹಾಕಿಸಿ. ಹಗುರ, ಬಾಳಿಕೆಯೂ ಜಾಸ್ತಿ."

ಸಲಹೆ ತಪ್ಪಲ್ಲ. ಆದರೆ ಅದು ಅರ್ಧ ಮಾತು. ನಮ್ಮ 16 ಲೀಟರಿನ ಹಳೆ ಸ್ಪ್ರೇಯರಿಗೆ ಲಿಥಿಯಂ ಹಾಕಿ ಮೂರು ಮಳೆಗಾಲ ದಾಟಿತು. ತರಕಾರಿ, ಮೆಣಸಿನ ಬಳ್ಳಿ, ಸಣ್ಣ ಗೇರು ಗಿಡಗಳಿಗೆಲ್ಲ ಅದರಲ್ಲೇ ಸಿಂಪರಣೆ. ಕೆಲಸಕ್ಕೆ ಅಡ್ಡಿಯಿಲ್ಲ. ಬದಲಿಸುವ ಮೊದಲು ತಿಳಿದಿರಬೇಕಾದ ಉಳಿದರ್ಧ ಇಲ್ಲಿದೆ.

ಲೆಡ್ ಬ್ಯಾಟರಿ ಸಾಯುವುದು ಹೇಗೆ?

ಸೀಸ ಮತ್ತು ಆಮ್ಲದ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು. ಕಾರು, ಇನ್‌ವರ್ಟರ್, ಸ್ಪ್ರೇಯರ್ ಎಲ್ಲಕ್ಕೂ ಮೂಲ ಅದೇ. ನಮ್ಮ ಸ್ಪ್ರೇಯರುಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 8 ಎಎಚ್‌ನ ಮುಚ್ಚಿದ ಬ್ಯಾಟರಿ. ತೂಕ ಸುಮಾರು ಎರಡೂವರೆ ಕಿಲೋ.

ಮೇಲೆ 8 ಎಎಚ್ ಅಂತ ಬರೆದಿದ್ದರೂ ನಮಗೆ ಅಷ್ಟು ಸಿಗುವುದಿಲ್ಲ. ಆ ಲೆಕ್ಕ 20 ಗಂಟೆ ಕಾಲ ನಿಧಾನವಾಗಿ, ಅಂದರೆ 0.4 ಆಂಪಿಯರಿನಂತೆ, ಬಳಸಿದರೆ ಮಾತ್ರ. ಸ್ಪ್ರೇಯರ್ ಪಂಪು ಎಳೆಯುವುದು 2ರಿಂದ 4 ಆಂಪಿಯರ್. ಜೋರಾಗಿ ಎಳೆದಷ್ಟೂ ಲೆಡ್ ಬ್ಯಾಟರಿ ಕೊಡುವುದು ಕಡಿಮೆ. ಪ್ರತಿ ಸಲ ಪೂರ್ತಿ ಬರಿದು ಮಾಡಿದರೆ ಆಯುಷ್ಯವೂ ಕಡಿಮೆ. ಅರ್ಧದಷ್ಟು ಬಳಸಿ ಚಾರ್ಜ್ ಮಾಡುವುದು ಕ್ಷೇಮ.

ಇದಕ್ಕಿಂತ ದೊಡ್ಡ ಶತ್ರು ಬರಿದಾದ ಬ್ಯಾಟರಿಯನ್ನು ಹಾಗೇ ಇಡುವುದು. ಆಗ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುತ್ತದೆ. ಮತ್ತೆ ಚಾರ್ಜಿಗೆ ಹಾಕಿದರೆ ಕರಗುವುದಿಲ್ಲ. ನಮ್ಮ ಬಳಕೆಯೋ, ಸರಿಯಾಗಿ ಇದೇ ನಮೂನೆ. ಹದಿನೈದು ದಿನ ಎಡೆಬಿಡದೆ ಸಿಂಪರಣೆ. ಆಮೇಲೆ ನಾಲ್ಕು ತಿಂಗಳು ಕೊಟ್ಟಿಗೆಯ ಮೂಲೆ.

ಲಿಥಿಯಂ ಒಂದೇ ಜಾತಿ ಅಲ್ಲ

ಅಂಗಡಿಯಲ್ಲಿ "ಲಿಥಿಯಂ" ಅಂತ ಕೊಡುವುದರಲ್ಲಿ ಮುಖ್ಯವಾಗಿ ಎರಡು ಜಾತಿ. ಕೊಳ್ಳುವಾಗ ಯಾವುದು ಅಂತ ಕೇಳಲೇಬೇಕು.

ಒಂದು, ಲಿಥಿಯಂ ಐರನ್ ಫಾಸ್ಫೇಟ್. ಚುಟುಕಾಗಿ ಎಲ್‌ಎಫ್‌ಪಿ. ಒಂದು ಸೆಲ್ಲಿಗೆ 3.2 ವೋಲ್ಟ್. ನಾಲ್ಕು ಸೆಲ್ ಸಾಲಾಗಿ ಜೋಡಿಸಿದರೆ 12.8 ವೋಲ್ಟ್. ಪೂರ್ತಿ ತುಂಬುವಾಗ ಹೆಚ್ಚೆಂದರೆ 14.6 ವೋಲ್ಟ್.

ಇನ್ನೊಂದು, ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ. ಸೆಲ್ಲಿಗೆ 3.6 ಅಥವಾ 3.7 ವೋಲ್ಟ್. ಮೂರು ಸೆಲ್ಲಿನ ಪ್ಯಾಕ್ ಆದರೆ 11.1 ವೋಲ್ಟ್. ಇದಕ್ಕೆ 12.6 ವೋಲ್ಟೇ ತುದಿ. ಅದನ್ನು ದಾಟಬಾರದು.

ಎನ್‌ಎಂಸಿ ಇನ್ನಷ್ಟು ಹಗುರ. ಆದರೆ ನಮ್ಮ ಹಳೆ ಸ್ಪ್ರೇಯರಿಗೆ ಹೊಂದುವುದು ನಾಲ್ಕು ಸೆಲ್ಲಿನ ಎಲ್‌ಎಫ್‌ಪಿ. ಇದರ ವೋಲ್ಟೇಜು ಲೆಡ್ ಬ್ಯಾಟರಿಗೆ ಹತ್ತಿರ. ಬಿಸಿಯನ್ನು ಹೆಚ್ಚು ತಡೆಯುತ್ತದೆ, ಬೆಂಕಿ ಹಿಡಿಯುವ ಸಂಭವ ಎನ್‌ಎಂಸಿಗಿಂತ ಕಡಿಮೆ. ಬೆನ್ನಿಗೆ ಕಟ್ಟಿಕೊಳ್ಳುವ, ರಾತ್ರಿ ಮನೆಯೊಳಗೆ ಚಾರ್ಜಿಗೆ ಇಡುವ ವಸ್ತುವಿನಲ್ಲಿ ನಾನು ಮೊದಲು ನೋಡಿದ್ದು ಇದನ್ನೇ.

ಚಾರ್ಜರಿನಲ್ಲಿದೆ ಅಪಾಯ

ಸ್ಪ್ರೇಯರಿನ ಜೊತೆ ಬಂದ ಹಳೆ ಚಾರ್ಜರ್ ಲೆಡ್ ಬ್ಯಾಟರಿಗಾಗಿ ಮಾಡಿದ್ದು. ಅದು 14.4 ವೋಲ್ಟ್ ಅಥವಾ ಸ್ವಲ್ಪ ಹೆಚ್ಚಿನವರೆಗೂ ಏರುತ್ತದೆ. ಮೂರು ಸೆಲ್ಲಿನ ಎನ್‌ಎಂಸಿಗೆ ಅದನ್ನು ಕೊಟ್ಟರೆ ಒಂದೊಂದು ಸೆಲ್ಲಿನ ಪಾಲಿಗೆ 4.8 ವೋಲ್ಟ್ ಆಯಿತು. ಅದರ ಮಿತಿ 4.2. ಮಿತಿಮೀರಿ ತುಂಬಿದ ಲಿಥಿಯಂ ಸೆಲ್ಲು ಉಬ್ಬುತ್ತದೆ, ಹೊಗೆಯಾಡುತ್ತದೆ, ಬೆಂಕಿಯೂ ಹಿಡಿಯಬಹುದು.

"ಒಳಗೆ ಬಿಎಂಎಸ್ ಉಂಟಲ್ಲ, ಅದು ಕಟ್ ಮಾಡುತ್ತದೆ" ಅನ್ನುವವರಿದ್ದಾರೆ. ಹೌದು, ಪ್ಯಾಕಿನೊಳಗೆ ಬಿಎಂಎಸ್ ಎಂಬ ಸಣ್ಣ ಕಾವಲು ಬೋರ್ಡು ಇರುತ್ತದೆ. ಯಾವುದೇ ಸೆಲ್ಲು ಹೆಚ್ಚು ತುಂಬಿದರೆ, ಹೆಚ್ಚು ಬರಿದಾದರೆ, ಶಾರ್ಟ್ ಆದರೆ ಅದು ಸಂಪರ್ಕ ತಪ್ಪಿಸುತ್ತದೆ. ಆದರೆ ಅದು ಇರುವುದು ಕೊನೆಯ ಕಾವಲಿಗೆ. ದಿನಗೂಲಿಗೆ ಹಚ್ಚಬಾರದು. ಬೋರ್ಡು ಕೈಕೊಟ್ಟ ದಿನ ತಡೆಯುವವರು ಯಾರೂ ಇಲ್ಲ.

ನಾಲ್ಕು ಸೆಲ್ಲಿನ ಎಲ್‌ಎಫ್‌ಪಿಗೆ ಹಳೆ ಚಾರ್ಜರಿನಿಂದ ಕೂಡಲೇ ಅಪಾಯವಾಗದೇ ಇರಬಹುದು. ಆದರೂ ಸಲ್ಲದು. ಕೆಲವು ಚಾರ್ಜರುಗಳು ಸಲ್ಫೇಟು ಕರಗಿಸಲೆಂದು ಹೆಚ್ಚಿನ ವೋಲ್ಟೇಜನ್ನು ಬಿಟ್ಟುಬಿಟ್ಟು ಕಳಿಸುತ್ತವೆ. ಅದು ಬಿಎಂಎಸ್‌ಗೆ ಪೆಟ್ಟು. ಆದ್ದರಿಂದ "14.6 ವೋಲ್ಟ್, ಎಲ್‌ಎಫ್‌ಪಿ" ಎಂದು ಬರೆದಿರುವ ಚಾರ್ಜರನ್ನೇ ಬ್ಯಾಟರಿಯ ಜೊತೆ ಕೊಳ್ಳಬೇಕು. ಮೂರು ಸೆಲ್ಲಿನ ಎನ್‌ಎಂಸಿ ಆದರೆ 12.6 ವೋಲ್ಟಿನದು.

ಇನ್ನೂ ಒಂದು ಸಂಗತಿ. ಹಳೆ ಚಾರ್ಜರಿನ ಪಿನ್ನು ಹೊಸದರ ತೂತಿಗೂ ಸರಿಯಾಗಿ ಕೂರಬಹುದು. ನಮಗೆ ಗೊತ್ತಿದ್ದರೂ ಮನೆಯ ಮಕ್ಕಳಿಗೋ ಕೆಲಸದವರಿಗೋ ಗೊತ್ತಿರುವುದಿಲ್ಲ. ಹಳೆಯದನ್ನು ಅಲ್ಲಿಂದ ತೆಗೆದುಬಿಡಿ. ಅಥವಾ ಸ್ಪ್ರೇಯರಿನ ಸಾಕೆಟನ್ನೇ ಬೇರೆ ನಮೂನೆಯದಕ್ಕೆ ಬದಲಿಸಿ. ನಾನು ಎರಡನ್ನೂ ಮಾಡಿದ್ದೇನೆ.

ಹೈಬ್ರಿಡ್ ಕಾರಿನಲ್ಲೂ ಇದೇ ಕಥೆ

ಈ ಸಮಸ್ಯೆ ನಮ್ಮ ಸ್ಪ್ರೇಯರಿಗೆ ಮಾತ್ರ ಅಲ್ಲ. ಪೆಟ್ರೋಲ್ ಇಂಜಿನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು ಟೊಯೋಟ ಪ್ರಿಯಸ್ 1997ರಲ್ಲಿ ಜಪಾನಿನಲ್ಲಿ ಬಂತು. ಅದರ 2003ರ ಮಾದರಿಯಲ್ಲಿ ನಿಕ್ಕಲ್ ಬ್ಯಾಟರಿಯ 28 ತುಂಡುಗಳು, ಒಟ್ಟು 168 ಸೆಲ್, 201.6 ವೋಲ್ಟ್. ಈ ಹಳೆ ಕಾರುಗಳಿಗೆ ನಿಕ್ಕಲ್ ತೆಗೆದು ಲಿಥಿಯಂ ಹಾಕುವವರು ಅಮೆರಿಕದಲ್ಲಿದ್ದಾರೆ. ಅಲ್ಲೂ ಕಷ್ಟ ಬ್ಯಾಟರಿ ಕೂರಿಸುವುದರಲ್ಲಿ ಅಲ್ಲ. ಕಾರಿನ ಕಂಪ್ಯೂಟರ್ ನಿಕ್ಕಲ್ಲಿನ ಏರಿಳಿತವನ್ನೇ ನೋಡಿ ತುಂಬುವುದು, ನಿಲ್ಲಿಸುವುದು. ಹೊಸ ಪ್ಯಾಕು ಆ ಲೆಕ್ಕಕ್ಕೆ ಹೊಂದಬೇಕು. 200 ವೋಲ್ಟಿನ ಆ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ನಮ್ಮದು 12 ವೋಲ್ಟ್, ಕೆಲಸ ಸುಲಭ. ಪಾಠ ಮಾತ್ರ ಒಂದೇ: ಬ್ಯಾಟರಿಯ ಜಾತಿ ಬದಲಾದರೆ ಅದಕ್ಕೆ ಉಣಿಸುವ ಕ್ರಮವೂ ಬದಲಾಗಬೇಕು.

ಅಳವಡಿಸುವಾಗ

1. ಲೆಡ್‌ನ 8 ಎಎಚ್‌ಗೆ ಬದಲು ಎಲ್‌ಎಫ್‌ಪಿಯ 6 ಎಎಚ್ ಸಾಕು. ಲೆಡ್‌ನಲ್ಲಿ ಅರ್ಧ, ಅಂದರೆ 4 ಎಎಚ್ ಬಳಸುತ್ತೇವೆ. ಇದರಲ್ಲಿ 5ರಷ್ಟು ಧಾರಾಳವಾಗಿ ಬಳಸಬಹುದು. ತೂಕ ಒಂದು ಕಿಲೋದೊಳಗೆ.

2. ಪಂಪು ಶುರುವಾಗುವ ಕ್ಷಣದಲ್ಲಿ ಮೂರು-ನಾಲ್ಕು ಪಟ್ಟು ಕರೆಂಟು ಎಳೆಯುತ್ತದೆ. ಬಿಎಂಎಸ್ 15 ಆಂಪಿಯರಿಗೆ ಕಡಿಮೆ ಇದ್ದರೆ ಸ್ವಿಚ್ಚು ಹಾಕಿದಾಗಲೇ ಕಟ್ ಆದೀತು. ಎರಡು ಮೋಟಾರಿನ ಸ್ಪ್ರೇಯರಾದರೆ ಇನ್ನೂ ದೊಡ್ಡದು ಬೇಕು.

3. ಕೆಂಪು ವಯರಿನಲ್ಲಿ, ಬ್ಯಾಟರಿಗೆ ಹತ್ತಿರವೇ, ಸ್ಕೂಟರ್-ಕಾರುಗಳಿಗೆ ಹಾಕುವಂಥ 10 ಆಂಪಿಯರಿನ ಫ್ಯೂಸು ಇರಲಿ. ಒಂಟಿ ಮೋಟಾರಿಗೆ ಇದು ಸಾಕು.

4. ಕೆಂಪು-ಕಪ್ಪು ತಿರುಗಿಸಿ ಕೊಟ್ಟರೆ ಬೋರ್ಡು ಸುಟ್ಟೀತು. ಮಲ್ಟಿಮೀಟರಿನಲ್ಲಿ ನೋಡಿಯೇ ಜೋಡಿಸಿ.

5. ಬ್ಯಾಟರಿ ಇರುವುದು ಟ್ಯಾಂಕಿನ ಅಡಿಗೆ. ಮೇಲಿನಿಂದ ದ್ರಾವಣ ಜಿನುಗುವುದು ಇದ್ದದ್ದೇ. ಮೈಲುತುತ್ತಿನ ನೀರು ಲೋಹವನ್ನು ತಿನ್ನುತ್ತದೆ, ಕರೆಂಟನ್ನೂ ಹರಿಸುತ್ತದೆ. ಲೆಡ್ ಬ್ಯಾಟರಿಗೆ ಗಟ್ಟಿ ಹೊರಮೈ ಇತ್ತು. ಲಿಥಿಯಂ ಪ್ಯಾಕಿಗೆ ಎಷ್ಟೋ ಸಲ ಇರುವುದು ನೀಲಿ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು, ಅಲ್ಲಾಡದಂತೆ ರಬ್ಬರ್ ತುಂಡು ತುರುಕಿ. ವಯರು ಹೊರಬರುವ ತೂತನ್ನು ಅಂಟಿನಿಂದ ಮುಚ್ಚಿ.

6. ಹಳೆ ಲೆಡ್ ಬ್ಯಾಟರಿ, ಹೊಸ ಲಿಥಿಯಂ ಎರಡನ್ನೂ ಜೋಡಿಸಿ ಬಳಸುವ ಉಪಾಯ ಬೇಡವೇ ಬೇಡ.

ಬಳಕೆಯಲ್ಲಿ ಕಾಣುವ ವ್ಯತ್ಯಾಸ

ಲೆಡ್ ಬ್ಯಾಟರಿ ಬರಿದಾಗುತ್ತಾ ಬಂದಂತೆ ಪಂಪು ಸೋಲುತ್ತದೆ, ಹನಿ ದಪ್ಪವಾಗುತ್ತದೆ. ಎಲ್‌ಎಫ್‌ಪಿಯಲ್ಲಿ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಒತ್ತಡ. ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ಒಂದೇ ನಮೂನೆ ಮಂಜು. ಆಮೇಲೆ ಒಮ್ಮೆಲೇ ನಿಲ್ಲುತ್ತದೆ. ಸ್ಪ್ರೇಯರಿನ ಹಳೆ ಮೀಟರನ್ನು ನಂಬುವಂತಿಲ್ಲ. ಅದು ಲೆಡ್ ಲೆಕ್ಕದಲ್ಲಿ ಕೊನೆಯ ಟ್ಯಾಂಕಿನವರೆಗೂ "ಫುಲ್" ತೋರಿಸುತ್ತಿರುತ್ತದೆ. ಟ್ಯಾಂಕು ಎಣಿಸಿಕೊಳ್ಳುವುದೇ ದಾರಿ. ನಿಂತ ಮೇಲೆ ಮತ್ತೆ ಮತ್ತೆ ಸ್ವಿಚ್ಚು ಒತ್ತಬೇಡಿ, ಅದೇ ದಿನ ಚಾರ್ಜಿಗೆ ಹಾಕಿ.

ತಿಂಗಳುಗಟ್ಟಲೆ ಇಡುವಾಗ ಲೆಡ್‌ಗೂ ಇದಕ್ಕೂ ಕ್ರಮ ಬೇರೆ. ಲೆಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಬೇಕು, ಆಗಾಗ ಮತ್ತೆ ಚಾರ್ಜ್ ಮಾಡಬೇಕು. ಲಿಥಿಯಮ್ಮನ್ನು ಅರ್ಧ ತುಂಬಿಸಿ, ವಯರು ಕಳಚಿ, ತಂಪು ಜಾಗದಲ್ಲಿ ಇಡಬೇಕು. ಕಳಚದಿದ್ದರೆ ಮೀಟರಿನ ಪುಟ್ಟ ದೀಪವೂ ತಿಂಗಳುಗಳಲ್ಲಿ ಬರಿದು ಮಾಡೀತು. ತಗಡಿನ ಮಾಡಿನ ಅಡಿ, ಒಲೆಯ ಬದಿ, ಬೈಹುಲ್ಲಿನ ಹತ್ತಿರ ಬೇಡ. ಉಬ್ಬಿದ ಪ್ಯಾಕನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು.

ಯಾರಿಗೆ ಬೇಕು, ಯಾರಿಗೆ ಬೇಡ?

ಎಲ್‌ಎಫ್‌ಪಿ 2000 ಸಲ ಚಾರ್ಜಿಗೆ ಬರುತ್ತದೆ ಅಂತ ಹೇಳಿ ಮಾರುತ್ತಾರೆ. ಅದರ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 40 ದಿನ ಸಿಂಪಡಿಸುವವರಿಗೆ 2000 ಸಲ ಎಂದರೆ 50 ವರ್ಷ! ಅಷ್ಟು ಕಾಲ ಬ್ಯಾಟರಿಯೂ ಇರದು, ಸ್ಪ್ರೇಯರೂ ಇರದು. ಬಳಸದೆ ಇಟ್ಟರೂ ಲಿಥಿಯಮ್ಮಿಗೆ ವಯಸ್ಸಾಗುತ್ತದೆ. ಹಾಗಾಗಿ ಸಣ್ಣ ಕೃಷಿಕರು ಆ ಅಂಕೆ ನೋಡಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ನಮಗೆ ನಿಜವಾದ ಲಾಭ ಮೂರು: ಬೆನ್ನಿನ ಮೇಲೆ ಒಂದೂವರೆ ಕಿಲೋಗಿಂತ ಹೆಚ್ಚು ಭಾರ ಇಳಿಯುವುದು, ಒತ್ತಡ ಒಂದೇ ಸಮ ಇರುವುದು, ಮೂಲೆಯಲ್ಲಿಟ್ಟ ತಿಂಗಳುಗಳಲ್ಲಿ ಸಾಯದೇ ಇರುವುದು. ಗುಡ್ಡದ ಜಾಗ ಇದ್ದವರಿಗೆ, ದಿನವಿಡೀ ಸಿಂಪಡಿಸುವವರಿಗೆ ಇದು ದೊಡ್ಡದು. ಮನೆ ಹಿತ್ತಿಲಿಗೆ ವರ್ಷಕ್ಕೆ ಎಂಟು-ಹತ್ತು ಸಲ ಬಳಸುವವರಿಗೆ ಲೆಡ್ ಬ್ಯಾಟರಿಯೇ ಸಾಕು. ತಿಂಗಳಿಗೊಮ್ಮೆ ನೆನಪಿಟ್ಟು ಚಾರ್ಜ್ ಮಾಡಿದರೆ ಆಯಿತು.

ತೆಗೆದ ಲೆಡ್ ಬ್ಯಾಟರಿಯನ್ನು ಒಡೆಯಬೇಡಿ, ತೋಟದ ಬದುವಿಗೆ ಎಸೆಯಬೇಡಿ. ಸೀಸ ಬಾವಿ ನೀರಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸು ಸಂಗ್ರಹವಾಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು. ಅಂಗಡಿಗೇ ಹಿಂದಿರುಗಿಸಿ. ಸೀಸಕ್ಕೆ ಗುಜರಿ ಬೆಲೆಯೂ ಉಂಟು, ಕೇಳಿ ಪಡೆಯಿರಿ.

ಲಿಥಿಯಂ ಹಾಕಿ ನಾಲ್ಕೈದು ವರ್ಷ ದಾಟಿದವರು ಇದ್ದರೆ ಎಷ್ಟು ಟ್ಯಾಂಕು ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಎಂದು ಪತ್ರಿಕೆಗೆ ಬರೆಯಿರಿ. ಬಾಳಿಕೆಯ ಲೆಕ್ಕ ಮಾರುವವರ ಬಾಯಿಯಿಂದ ಕೇಳುವುದಕ್ಕಿಂತ ಬಳಸಿದವರಿಂದ ಕೇಳುವುದು ಒಳ್ಳೆಯದು.