ಸಿಕಲ್ ಸೆಲ್ ಕಾಯಿಲೆ: ಇಂಗ್ಲೆಂಡಿನ ಆಫ್ರಿಕನ್ ಕುಟುಂಬಗಳ ಹೋರಾಟ

ಆರೋಗ್ಯವಂತ ಮನುಷ್ಯನ ರಕ್ತದ ಕೆಂಪು ಕಣಗಳು ದುಂಡಗೆ, ಮೆತ್ತಗೆ ಇರುತ್ತವೆ. ಅತಿ ಸಣ್ಣ ರಕ್ತನಾಳದಲ್ಲೂ ಬಾಗಿ ಬಳುಕಿ ಸಾಗುತ್ತವೆ. ಸಿಕಲ್ ಸೆಲ್ ಕಾಯಿಲೆ ಇರುವವರಲ್ಲಿ ಹಾಗಲ್ಲ. ಆಮ್ಲಜನಕ ಕಡಿಮೆಯಾದಾಗ ಅವರ ಕಣಗಳು ಗಡುಸಾಗಿ ಕುಡುಗೋಲಿನ ಹಾಗೆ ಬಾಗಿಬಿಡುತ್ತವೆ. ಸಿಕಲ್ ಅಂದರೆ ಕುಡುಗೋಲು ಅಂತಲೇ ಅರ್ಥ. ಬಾಗಿದ ಕಣಗಳು ಒಂದಕ್ಕೊಂದು ಸಿಕ್ಕಿಕೊಂಡು ರಕ್ತನಾಳ ಕಟ್ಟಿಕೊಳ್ಳುತ್ತದೆ. ಕೈಕಾಲು, ಬೆನ್ನು, ಎದೆ ಎಲ್ಲೆಂದರಲ್ಲಿ ತಡೆಯಲಾರದ ನೋವು ಶುರುವಾಗುತ್ತದೆ. ಆದರೆ ಹೊರಗೆ ಗಾಯ ಇರೋದಿಲ್ಲ, ಎಕ್ಸ್‌ರೇಯಲ್ಲಿ ಮುರಿದ ಮೂಳೆ ಕಾಣೋದಿಲ್ಲ. ರೋಗಿ ಹೇಳಿದ್ದನ್ನು ನಂಬಿಯೇ ಚಿಕಿತ್ಸೆ ಶುರು ಮಾಡಬೇಕು. ಕಷ್ಟ ಇರೋದು ಅಲ್ಲೇ.

ಇದು ಅಂಟುರೋಗ ಅಲ್ಲ, ತಂದೆತಾಯಿಯಿಂದ ಬರುವಂಥದ್ದು. ಒಬ್ಬರಿಂದ ಮಾತ್ರ ಆ ಗುಣ ಬಂದರೆ ಮಗು 'ವಾಹಕ' ಆಗುತ್ತದೆ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಇದೆ. ವಾಹಕರಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಹಾಗಾಗಿ ಮಲೇರಿಯಾ ಹೆಚ್ಚಿದ್ದ ಆಫ್ರಿಕಾದ ನಾಡುಗಳಲ್ಲಿ, ನಮ್ಮ ದೇಶದ ಕಾಡಂಚಿನ ಜನರಲ್ಲಿ ಈ ಗುಣ ತಲೆಮಾರುಗಳಿಂದ ಉಳಿದುಕೊಂಡು ಬಂದಿದೆ. ನೈಜೀರಿಯಾದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಕೆಲಸಗಾರರು ಬೇಕಾಗಿದ್ದರು. ಕೆರಿಬಿಯನ್ ದ್ವೀಪಗಳಿಂದ, ಆಮೇಲೆ ನೈಜೀರಿಯಾ, ಘಾನಾಗಳಿಂದ ಜನ ಬಂದರು. ಆಸ್ಪತ್ರೆಗಳಲ್ಲಿ ನರ್ಸ್ ಆದರು, ಬಸ್ ಓಡಿಸಿದರು. ಅವರ ಮಕ್ಕಳಿಗೆ ಈ ನೋವು ಬಂದಾಗ ಅಲ್ಲಿನ ಬಹಳಷ್ಟು ವೈದ್ಯರಿಗೆ ಕಾಯಿಲೆಯ ಪರಿಚಯವೇ ಇರಲಿಲ್ಲ. ತಾಯಂದಿರಿಗೆ ತಿಳಿಸಿ ಹೇಳೋರು ಯಾರೂ ಇರಲಿಲ್ಲ.

ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಮುಖ್ಯರು ಎಲಿಜಬೆತ್ ಅನಿಯೋನ್ವು. ತಂದೆ ನೈಜೀರಿಯಾದವರು, ತಾಯಿ ಐರಿಷ್ ಮೂಲದವರು. 1947ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಈ ಮಗು ಬಾಲ್ಯದ ಹಲವು ವರ್ಷ ಕಳೆದದ್ದು ಕನ್ಯಾಸ್ತ್ರೀಯರು ನಡೆಸುತ್ತಿದ್ದ ಮಕ್ಕಳ ಆಶ್ರಮದಲ್ಲಿ. ಎಕ್ಸಿಮಾ ಎಂಬ ಚರ್ಮರೋಗ ಇದ್ದ ಆಕೆಗೆ ಬ್ಯಾಂಡೇಜ್ ಬಿಚ್ಚುವಾಗ ನೋವಾಗದಿರಲಿ ಅಂತ ಒಬ್ಬ ಸಿಸ್ಟರ್ ತಮಾಷೆ ಮಾಡಿ ನಗಿಸುತ್ತಿದ್ದರಂತೆ. ಆ ಸಿಸ್ಟರ್ ನರ್ಸ್ ಅಂತ ತಿಳಿದ ಮೇಲೆ ತಾನೂ ನರ್ಸ್ ಆಗಬೇಕು ಅಂತ ಮನಸ್ಸು ಮಾಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಸಿಕಲ್ ಸೆಲ್ ಬಗ್ಗೆ ಆಪ್ತಸಲಹೆ ನೀಡುವ ತರಬೇತಿ ಬ್ರಿಟನ್ನಿನಲ್ಲಿ ಇಲ್ಲದ ಕಾರಣ ಅಮೆರಿಕಕ್ಕೆ ಹೋಗಿ ಕಲಿತು ಬಂದರು. 1979ರಲ್ಲಿ ಲಂಡನ್ನಿನ ಬ್ರೆಂಟ್‌ನಲ್ಲಿ ಡಾ. ಮಿಲಿಕಾ ಬ್ರೊಝೋವಿಚ್ ಅವರ ಜೊತೆ ಸೇರಿ ದೇಶದ ಮೊದಲ ಸಿಕಲ್ ಸೆಲ್ ಸಲಹಾ ಕೇಂದ್ರ ತೆರೆದರು. ರೋಗಿಗಳು, ಹೆತ್ತವರು, ಆರೋಗ್ಯ ಕಾರ್ಯಕರ್ತರು ಸೇರಿ ಸಿಕಲ್ ಸೆಲ್ ಸೊಸೈಟಿ ಕಟ್ಟಿದ್ದೂ ಅದೇ ವರ್ಷ.

ಇವರೆಲ್ಲ ವರ್ಷಗಟ್ಟಲೆ ಕೇಳಿದ ಮೇಲೆ, 2006ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಬಂತು. ಐದನೇ ದಿನದ ಸುಮಾರಿಗೆ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆಯುತ್ತಾರೆ, ಅಷ್ಟೇ. ಕಾಯಿಲೆ ಇದೆ ಅಂತ ಗೊತ್ತಾದರೆ ಮೂರು ತಿಂಗಳೊಳಗೆ ಪೆನಿಸಿಲಿನ್ ಶುರು ಮಾಡುತ್ತಾರೆ. ಯಾಕಂದ್ರೆ ಈ ಮಕ್ಕಳ ಗುಲ್ಮ ಬೇಗ ಕೆಡುತ್ತದೆ, ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಈ ಒಂದು ಮಾತ್ರೆ ಎಷ್ಟೋ ಮಕ್ಕಳನ್ನು ಉಳಿಸಿದೆ.

ಆದರೆ ಉಳಿದ ಮಕ್ಕಳು ದೊಡ್ಡವರಾಗಿ ನೋವು ಅಂತ ಆಸ್ಪತ್ರೆಗೆ ಹೋದರೆ ಅಲ್ಲಿ ಕಾದದ್ದು ಅನುಮಾನ. ಈ ನೋವಿಗೆ ಹಲವು ಸಲ ಮಾರ್ಫಿನ್‌ನಂಥ ಗಟ್ಟಿ ಔಷಧಿಯೇ ಬೇಕು. ಕಪ್ಪು ಹುಡುಗನೊಬ್ಬ ಬಂದು ಅದನ್ನೇ ಹೆಸರು ಹೇಳಿ ಕೇಳಿದರೆ 'ಇವನು ನಶೆಗೆ ಕೇಳ್ತಿದ್ದಾನೆ' ಅಂದುಕೊಳ್ಳೋರು ಇದ್ದರು. ಆಸ್ಪತ್ರೆಗೆ ಬಂದ 30 ನಿಮಿಷದೊಳಗೆ ನೋವು ನಿವಾರಕ ಕೊಡಬೇಕು ಅಂತ 2012ರಲ್ಲೇ ಅಲ್ಲಿನ ರಾಷ್ಟ್ರೀಯ ಮಾರ್ಗಸೂಚಿ ಹೇಳಿತು. ಕಾಗದದಲ್ಲಿ ಇದ್ದದ್ದು ವಾರ್ಡಿನಲ್ಲಿ ಎಲ್ಲ ಕಡೆ ಇರಲಿಲ್ಲ.

2019ರ ಏಪ್ರಿಲ್‌ನಲ್ಲಿ ಇವಾನ್ ನೇಥನ್ ಸ್ಮಿತ್ ಎಂಬ 21 ವರ್ಷದ ತರುಣ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ದಾಖಲಾಗಿದ್ದ. ಆಮ್ಲಜನಕ ಬೇಕು ಅಂತ ಕೇಳಿದರೂ ಸಿಗದಿದ್ದಾಗ ಆಸ್ಪತ್ರೆಯ ಹಾಸಿಗೆಯಿಂದಲೇ 999ಕ್ಕೆ, ಅಂದರೆ ತುರ್ತುಸೇವೆಗೆ, ಫೋನ್ ಮಾಡಿದ. ಆಸ್ಪತ್ರೆಯೊಳಗಿದ್ದು ಆಂಬುಲೆನ್ಸ್‌ನವರ ಸಹಾಯ ಕೇಳೋದು ಅಂದರೆ ಏನು ಸ್ಥಿತಿ ಅಂತ ಓದುಗರೇ ಊಹಿಸಿ. ಕೆಲವು ದಿನಗಳಲ್ಲಿ ಆತ ತೀರಿಕೊಂಡ. ಲಕ್ಷಣಗಳನ್ನು ಗುರುತಿಸುವುದರಲ್ಲೂ ಚಿಕಿತ್ಸೆ ಕೊಡುವುದರಲ್ಲೂ ತಡವಾಯಿತು ಅಂತ 2021ರ ಮರಣ ವಿಚಾರಣೆ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಸಂಸದರ ಸರ್ವಪಕ್ಷ ಗುಂಪೊಂದು ರೋಗಿಗಳ ಅನುಭವ ಕೇಳಿ ವರದಿ ಹೊರತಂದಿತು. 'ಯಾರೂ ಕೇಳಿಸಿಕೊಳ್ಳುತ್ತಿಲ್ಲ' ಅನ್ನೋದೇ ಅದರ ಹೆಸರು. ಜನಾಂಗಭೇದವೂ ಇದರಲ್ಲಿ ಇದೆ ಅಂತ ವರದಿ ಮುಚ್ಚುಮರೆಯಿಲ್ಲದೆ ಬರೆಯಿತು.

ರಕ್ತದಾನದ ವಿಷಯ ಬೇರೆಯೇ. ಈ ರೋಗಿಗಳಲ್ಲಿ ಹಲವರಿಗೆ ಮತ್ತೆ ಮತ್ತೆ ರಕ್ತ ಕೊಡಬೇಕಾಗುತ್ತದೆ. ಅವರಿಗೆ ಹೊಂದುವ 'ಆರ್‌ಓ' ಎಂಬ ಉಪಗುಂಪಿನ ರಕ್ತ ಆಫ್ರಿಕನ್ ಮತ್ತು ಕೆರಿಬಿಯನ್ ಮೂಲದವರಲ್ಲಿ ಸಿಗುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಆದರೆ ಆ ಸಮುದಾಯದ ದಾನಿಗಳು ಕಡಿಮೆ. ಬಿಳಿಯರ ಆಸ್ಪತ್ರೆ ತಮ್ಮ ಮಾತು ಕೇಳೋದಿಲ್ಲ ಅನ್ನೋ ಭಾವನೆ ಇರುವಲ್ಲಿ ರಕ್ತ ಕೊಡೋಕೆ ಮುಂದೆ ಬನ್ನಿ ಅಂದರೆ ಯಾರು ಬರ್ತಾರೆ? ಅದಕ್ಕೇ ಕರೆ ಕೊಡುವವರು ತಮ್ಮ ಜನರೇ ಆಗಿರಬೇಕು ಅಂತ ಕಾರ್ಯಕರ್ತರು ಆಫ್ರಿಕನ್ ಸಭೆಗಳ ಚರ್ಚುಗಳಲ್ಲಿ ನಿಂತು ಮಾತಾಡುತ್ತಾರೆ.

ಎಲ್ಲ ಸರಿಹೋಗಿಲ್ಲ. ಇಂಗ್ಲೆಂಡಿನಲ್ಲಿ ಕೆಲವು ದೀರ್ಘ ಕಾಯಿಲೆಗಳಿಗೆ ಔಷಧಿ ಉಚಿತ. ಆ ಪಟ್ಟಿ ಮಾಡಿದ್ದು 1968ರಲ್ಲಿ. 2009ರಲ್ಲಿ ಕ್ಯಾನ್ಸರ್ ಸೇರಿಸಿದರು, ಸಿಕಲ್ ಸೆಲ್ ಸೇರಿಸಲಿಲ್ಲ. ಹಾಗಾಗಿ ದುಡಿಯುವ ವಯಸ್ಸಿನ ರೋಗಿ ಬೇರೆ ವಿನಾಯಿತಿ ಇಲ್ಲದಿದ್ದರೆ ಶುಲ್ಕ ತೆರಬೇಕು. ಇದು ಸರಿಯಲ್ಲ ಅಂತ ಸೊಸೈಟಿಯವರು ಹೋರಾಡುತ್ತಲೇ ಇದ್ದಾರೆ.

ನಮ್ಮಲ್ಲೂ ಈ ಕಾಯಿಲೆ ಇದೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಹಾಡಿಗಳಲ್ಲೂ ಇದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿತು. ಕರ್ನಾಟಕವೂ ಅದರಲ್ಲಿ ಸೇರಿದೆ. ಪರೀಕ್ಷೆ ಮಾಡಿಸಿದವರಿಗೆ ಕಾರ್ಡ್ ಕೊಡುತ್ತಾರೆ. ಮದುವೆ ಮಾತುಕತೆಗೆ ಮುಂಚೆ ಹುಡುಗ ಹುಡುಗಿ ಇಬ್ಬರ ಕಾರ್ಡನ್ನೂ ಆರೋಗ್ಯ ಕಾರ್ಯಕರ್ತೆಗೆ ತೋರಿಸಿ. ಕಾಯಿಲೆ ಇರುವ ಮಗುವಿಗೆ ನೀರು ಚೆನ್ನಾಗಿ ಕುಡಿಸಿ, ಚಳಿಗೆ ಬೆಚ್ಚಗಿಡಿ. ಜ್ವರ ಬಂದರೆ, ಎದೆನೋವು ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕಾರ್ಡ್ ಕೈಯಲ್ಲಿ ಹಿಡಿದು ಆಗಲೇ ಆಸ್ಪತ್ರೆಗೆ ಹೊರಡಿ, ಹೋದ ಕೂಡಲೇ 'ಇವನಿಗೆ ಸಿಕಲ್ ಸೆಲ್ ಇದೆ' ಅಂತ ಮೊದಲು ಹೇಳಿ.