ಲಕ್ವಕ್ಕೆ ಕರೆಂಟ್ ಸೂಜಿ ಚಿಕಿತ್ಸೆ: ಮಾಡಿಸಬಹುದೇ, ಯಾವಾಗ?

ಠಾಣೆ: ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಸಲಹೆಗಳಿಗೆ ಬರವಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈನ ಕುಟುಂಬಗಳ ಕಿವಿಗೆ ಬೀಳುವ ಇಂಥ ಸಲಹೆಗಳಲ್ಲಿ ಎಲೆಕ್ಟ್ರೋಅಕ್ಯುಪಂಕ್ಚರ್ ಕೂಡ ಒಂದು. ಇದರಿಂದ ಗುಣವಾಗುತ್ತದೆಯೇ ಎಂದು ಕೇಳುವ ಮೊದಲು, ಯಾವಾಗ ಮಾಡಿಸಬೇಕು ಎಂದು ಕೇಳುವುದು ಮುಖ್ಯ.

ಏನಿದು ಚಿಕಿತ್ಸೆ?

ನೆತ್ತಿ, ಮೊಣಕೈ, ಮೊಣಕಾಲಿನ ಕೆಳಗೆ ತೆಳುವಾದ ಸೂಜಿಗಳನ್ನು ಚುಚ್ಚಿ, ಅವಕ್ಕೆ ಕ್ಲಿಪ್ ಹಾಕಿ ಸಣ್ಣ ಯಂತ್ರದಿಂದ ಅತಿ ಕಡಿಮೆ ಕರೆಂಟ್ ಹರಿಸುತ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ 20ರಿಂದ 30 ನಿಮಿಷ.

ಅಕ್ಯುಪಂಕ್ಚರನ್ನು 1959ರಲ್ಲಿ ಭಾರತಕ್ಕೆ ತಂದವರು ಡಾ. ಬಿ.ಕೆ. ಬಸು. 1938ರಲ್ಲಿ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿ ನಮ್ಮ ಗಡಿಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಜೊತೆಗಿದ್ದವರು ಇವರು. ಮಹಾರಾಷ್ಟ್ರದಲ್ಲಿ ಈ ಪದ್ಧತಿಗೆಂದೇ 2015ರ ಕಾಯ್ದೆಯಿದೆ, ಪ್ರತ್ಯೇಕ ಕೌನ್ಸಿಲ್ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಮಾನ್ಯತೆ ನೀಡಿತು. ಹಾಗಾಗಿ ಚಿಕಿತ್ಸಕರ ಬಳಿ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಮೊದಲ ನಾಲ್ಕೂವರೆ ಗಂಟೆ

ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಹೋಗಬೇಕಾದ್ದು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ರಕ್ತನಾಳ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡದೆ ಖಚಿತವಾಗದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಆ ಲೆಕ್ಕ ಶುರುವಾಗುವುದು ರೋಗಿ ಕೊನೆಯ ಬಾರಿ ಚೆನ್ನಾಗಿದ್ದುದನ್ನು ಮನೆಯವರು ನೋಡಿದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಕೈ ಸೋತಾಗ 'ಬೆಳಿಗ್ಗೆ ನೋಡೋಣ' ಎಂದು ಮಲಗಿಸಿದರೆ ಆ ಅವಕಾಶ ಕೈತಪ್ಪಿದಂತೆಯೇ. ಸಂಜೆಯ ಟ್ರಾಫಿಕ್ ನುಂಗುವ ಸಮಯ ಬೇರೆ! 108ಕ್ಕೆ ಕರೆ ಮಾಡಿ. ಈ ಹೊತ್ತಿನಲ್ಲಿ ಸೂಜಿ ಚಿಕಿತ್ಸೆಗೆ ಅಲೆಯುವುದು ಅಪಾಯ.

ಸಂಶೋಧನೆ ಏನು ಹೇಳುತ್ತದೆ?

ಇಲಿಗಳ ಮಿದುಳಿನ ರಕ್ತನಾಳ ಮುಚ್ಚಿ, ನಂತರ ಈ ಚಿಕಿತ್ಸೆ ಕೊಟ್ಟ ಹಲವು ಪ್ರಯೋಗಗಳಲ್ಲಿ ಮಿದುಳಿನ ಹಾನಿ ಮತ್ತು ಉರಿಯೂತ ಕಡಿಮೆಯಾಗಿದ್ದು ಕಂಡಿದೆ. ಆದರೆ ಪ್ರಯೋಗಾಲಯದ ಆರೋಗ್ಯವಂತ ಇಲಿಯೇ ಬೇರೆ, ಬಿಪಿ, ಶುಗರ್ ಎರಡೂ ಇರುವ 65ರ ಅಜ್ಜನೇ ಬೇರೆ.

ಮನುಷ್ಯರ ಮೇಲಿನ 31 ಪ್ರಯೋಗಗಳನ್ನು 2016ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತು. ಕೈಕಾಲಿನ ಚಲನೆ, ನುಂಗುವಿಕೆ, ನೋವಿನಲ್ಲಿ ಸುಧಾರಣೆ ಇರಬಹುದೆಂಬ ಸುಳಿವು ಸಿಕ್ಕಿತು. ಆದರೆ ಪ್ರಯೋಗಗಳ ಗುಣಮಟ್ಟ ಸಾಲದು, ಖಚಿತವಾಗಿ ಹೇಳಲಾಗದು ಎಂದಿತು. ಸತ್ತ ನರಕೋಶ ಇದರಿಂದ ಮತ್ತೆ ಹುಟ್ಟುತ್ತದೆ ಎಂಬ ಜಾಹೀರಾತುಗಳನ್ನು ನಂಬಬೇಕಿಲ್ಲ.

ಹೋಗುವುದಾದರೆ

ರೋಗಿಯ ಸ್ಥಿತಿ ಸ್ಥಿರವಾದ ಮೇಲೆ, ನರರೋಗ ವೈದ್ಯರನ್ನು ಕೇಳಿ, ಫಿಜಿಯೋಥೆರಪಿಯ ಜೊತೆಗೆ ಮಾಡಿಸಬಹುದು. ಫಿಜಿಯೋಥೆರಪಿ ಬಿಟ್ಟು ಅಲ್ಲ. ಬಿಪಿ ಮಾತ್ರೆ ಬಿಟ್ಟಂತೂ ಅಲ್ಲವೇ ಅಲ್ಲ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಹರಿಸುವ ಸೂಜಿ ಸಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಫಿಟ್ಸ್ ಬಂದವರು ಅದನ್ನು ಮೊದಲೇ ತಿಳಿಸಬೇಕು. ಸೂಜಿಯ ಪ್ಯಾಕೆಟ್ ಕಣ್ಣೆದುರೇ ಒಡೆಯಲಿ, ಬಳಸಿದ ಸೂಜಿ ಮತ್ತೊಬ್ಬರಿಗೆ ಹೋಗದಿರಲಿ.