ಇಪ್ಪತ್ತೊಂದರ ಲೆಕ್ಕ

ಕಬ್ಬಿನ ಬಿಲ್ಲು ಕೈಗೆ ಬಂದು, ತಂಬಾಕು ಮಾರಾಟವಾಗಿ, ಮನೆಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ದಿನಗಳಲ್ಲಿ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ತರುಣರು ಗೆಳೆಯರೊಡನೆ ಗೋವೆಗೆ ಹೋಗಿಬರುವುದು ಈಗ ಅಪರೂಪವಲ್ಲ. ಹಗಲೆಲ್ಲ ಕಡಲ ದಂಡೆ, ಹಳೆಯ ಇಗರ್ಜಿ. ಇರುಳಾಯಿತೆಂದರೆ ಪಣಜಿಯ ಮಾಂಡವಿ ನದಿಯಲ್ಲಿ ಲಂಗರು ಹಾಕಿ ನಿಂತ, ದೀಪಗಳಿಂದ ಝಗಝಗಿಸುವ ಜೂಜಿನ ಹಡಗು. ಅದರೊಳಗೆ ಹಸಿರು ಬಟ್ಟೆ ಹೊದೆಸಿದ ಅರ್ಧಚಂದ್ರಾಕಾರದ ಮೇಜು. ಅದರ ಸುತ್ತ ಐದಾರು ಜನ. ಎದುರಿಗೆ ಎಲೆ ಹಂಚುವವನೊಬ್ಬ. ಆಟದ ಹೆಸರು ಬ್ಲ್ಯಾಕ್‌ಜಾಕ್. ಇಸ್ಪೀಟಿನ ಪರಿಚಯವುಳ್ಳ ನಮ್ಮವರು ‘ಇದರಲ್ಲೇನಿದೆ, ಇಪ್ಪತ್ತೊಂದರವರೆಗೆ ಕೂಡಿಸಲು ಬಂದರೆ ಸಾಕು’ ಎಂದು ಕುಳಿತುಬಿಡುತ್ತಾರೆ. ಕೂಡಿಸಲು ಬಂದರೆ ಆಟ ಬಂದಂತೆಯೇ ಸರಿ. ಆದರೆ ಕಳೆಯುವ ಲೆಕ್ಕವೂ ಒಂದುಂಟು. ಅದನ್ನು ಎಲೆಗಳ ಮೇಲೆ ಬರೆದಿರುವುದಿಲ್ಲ. ಆಟದ ನಿಯಮ, ಮೇಜಿನ ಮರ್ಯಾದೆ, ಆ ಕಳೆಯುವ ಲೆಕ್ಕ, ಈ ಮೂರನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಟದ ನಿಯಮ

ಎಲೆಯಾಟ ನಮಗೆ ಹೊಸದಲ್ಲ. ಆಂಬೋಲಿ ಘಟ್ಟದ ಕೆಳಗಣ ಸಾವಂತವಾಡಿ ದಶಾವತಾರದ ಚಿತ್ರಗಳುಳ್ಳ 120 ದುಂಡನೆಯ ಗಂಜೀಫಾ ಎಲೆಗಳಿಗೆ ಹೆಸರಾದ ಊರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಎಲೆಯಾಟಗಳ ವಿವರಣೆಯೇ ಇದೆ. ಇಪ್ಪತ್ತೊಂದರ ಆಟ ಮಾತ್ರ ಯುರೋಪಿನದು. ಸ್ಪೇನಿನ ಸೆರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಈ ಆಟದಲ್ಲಿ ಮೋಸಮಾಡಿ ಹೊಟ್ಟೆಹೊರೆಯುವ ಹುಡುಗರು ಬರುತ್ತಾರೆ.

ಇಲ್ಲಿ ಆಟಗಾರರು ಪರಸ್ಪರ ಎದುರಾಳಿಗಳಲ್ಲ; ಪ್ರತಿಯೊಬ್ಬನೂ ಹಂಚುವವನೊಡನೆ, ಎಂದರೆ ಹಡಗಿನ ಒಡೆಯನೊಡನೆ, ಪ್ರತ್ಯೇಕವಾಗಿ ಆಡುತ್ತಾನೆ. ಎರಡರಿಂದ ಹತ್ತರವರೆಗಿನ ಎಲೆಗಳಿಗೆ ಅವುಗಳ ಅಂಕಿಯೇ ಬೆಲೆ. ಗುಲಾಮ, ರಾಣಿ, ರಾಜ ಮೂರಕ್ಕೂ ಹತ್ತು. ಎಕ್ಕ ಒಂದೂ ಆದೀತು, ಹನ್ನೊಂದೂ ಆದೀತು. ಯಾವುದು ಅನುಕೂಲವೋ ಅದು. ರಂಗಿನ ಗೊಡವೆ ಇಲ್ಲ: ಇಸ್ಪೀಟಾಗಲಿ ಆಟೀನಾಗಲಿ ಒಂದೇ. ಸಾಮಾನ್ಯವಾಗಿ ಆರು ಅಥವಾ ಎಂಟು ಕಟ್ಟುಗಳನ್ನು ಒಟ್ಟಿಗೆ ಕಲಸಿ ‘ಷೂ’ ಎಂಬ ಪೆಟ್ಟಿಗೆಯಲ್ಲಿಟ್ಟು ಒಂದೊಂದಾಗಿ ಎಳೆಯುತ್ತಾರೆ.

ಪಣ ಇಟ್ಟ ಪ್ರತಿಯೊಬ್ಬನಿಗೂ ಎರಡೆರಡು ಎಲೆ ಬೀಳುತ್ತವೆ. ಹಂಚುವವನ ಒಂದು ಎಲೆ ಎಲ್ಲರಿಗೂ ಕಾಣುವಂತಿರುತ್ತದೆ. ಎಕ್ಕದೊಡನೆ ಹತ್ತರ ಬೆಲೆಯ ಎಲೆ ಮೊದಲೆರಡರಲ್ಲಿಯೇ ಬಂದರೆ ಅದು ಬ್ಲ್ಯಾಕ್‌ಜಾಕ್. ಇದು ಸುಮಾರು ಇಪ್ಪತ್ತೊಂದು ಸಲಕ್ಕೊಮ್ಮೆ ಬರುತ್ತದೆ. ಅದಕ್ಕೆ ಎರಡಕ್ಕೆ ಮೂರರಂತೆ, ನೂರಿಟ್ಟವನಿಗೆ ನೂರೈವತ್ತು ಕೊಡುವುದು ಹಳೆಯ ಪದ್ಧತಿ. ಐದಕ್ಕೆ ಆರರಂತೆ ನೂರಿಪ್ಪತ್ತು ಮಾತ್ರ ಕೊಡುವ ಮೇಜುಗಳೂ ಉಂಟು; ಕೂಡುವ ಮುನ್ನ ಮೇಜಿನ ಮೇಲಣ ಬರಹವನ್ನು ಓದಿಕೊಳ್ಳುವುದು ವಿಹಿತ.

ಉಳಿದವರು ಸರದಿಯ ಮೇಲೆ ಇನ್ನೊಂದು ಎಲೆ ಕೇಳಬಹುದು; ಇದಕ್ಕೆ ‘ಹಿಟ್’. ಸಾಕೆನ್ನಬಹುದು, ಇದು ‘ಸ್ಟ್ಯಾಂಡ್’. ಪಣವನ್ನು ಇಮ್ಮಡಿಸಿ ಒಂದೇ ಒಂದು ಎಲೆ ಪಡೆಯಬಹುದು. ಸಮಬೆಲೆಯ ಜೋಡಿ ಬಂದರೆ ಅಷ್ಟೇ ಪಣವನ್ನು ಮತ್ತೆ ಇಟ್ಟು ಎರಡು ಕೈಗಳಾಗಿ ಒಡೆಯಬಹುದು. ಇಪ್ಪತ್ತೊಂದನ್ನು ಮೀರಿದವನ ಪಣವನ್ನು ಅಲ್ಲಿಯೇ ಎತ್ತಿಕೊಳ್ಳುತ್ತಾರೆ. ಎಲ್ಲರದೂ ಮುಗಿದ ಮೇಲೆ ಹಂಚುವವನ ಸರದಿ. ಅವನಿಗೆ ಸ್ವಂತ ಬುದ್ಧಿ ಓಡಿಸುವ ಅಧಿಕಾರವಿಲ್ಲ: ಹದಿನಾರಾದರೆ ಎಳೆಯಲೇಬೇಕು, ಹದಿನೇಳಾದರೆ ನಿಲ್ಲಬೇಕು. ಎಕ್ಕವನ್ನು ಹನ್ನೊಂದೆಂದು ಹಿಡಿದು ಆದ ಹದಿನೇಳಕ್ಕೆ ಮಾತ್ರ ಕೆಲವು ಮೇಜುಗಳಲ್ಲಿ ಮತ್ತೆ ಎಳೆಯುತ್ತಾರೆ. ಅವನು ಮೀರಿದರೆ ಉಳಿದವರಿಗೆಲ್ಲ ಗೆಲವು. ಸಮವಾದರೆ ಪಣ ಮರಳಿ ಬರುತ್ತದೆ.

ಮೇಜಿನ ಮರ್ಯಾದೆ

ಪಂಪನ ಕಾವ್ಯದಲ್ಲಿ ಕರ್ಣನೂ ಭಾನುಮತಿಯೂ ನೆತ್ತವಾಡುವ ಪ್ರಸಂಗವನ್ನು ಕನ್ನಡ ಓದಿದವರೆಲ್ಲ ಬಲ್ಲರು. ಪಣಕ್ಕಾಗಿ ನಡೆದ ಎಳೆದಾಟದಲ್ಲಿ ಹಾರ ಹರಿದು ಮುತ್ತು ಚೆಲ್ಲಿದರೂ ದುರ್ಯೋಧನನಿಗೆ ಗೆಳೆಯನ ಮೇಲೆ ಶಂಕೆ ಹುಟ್ಟಲಿಲ್ಲ. ಅದು ನಂಬಿಕೆಯ ಆಟ. ಹಡಗಿನ ಮೇಜಿನಲ್ಲಿ ಯಾರೂ ಯಾರನ್ನೂ ನಂಬಬೇಕಾಗಿಲ್ಲ. ಎಲ್ಲರ ಕೈಗಳೂ ಎಲ್ಲರಿಗೂ, ಮೇಲಿನ ಕ್ಯಾಮರಾಕ್ಕೂ ಕಾಣುವಂತಿರಬೇಕೆಂಬ ಒಂದೇ ತತ್ತ್ವದಿಂದ ಅಲ್ಲಿಯ ಬಹುಪಾಲು ಶಿಷ್ಟಾಚಾರ ಹುಟ್ಟಿದೆ.

ಆದಕಾರಣ ನೋಟನ್ನು ಹಂಚುವವನ ಕೈಗೆ ಕೊಡಲಾಗದು. ಒಂದು ಸುತ್ತು ಮುಗಿದ ಮೇಲೆ ಮೇಜಿನ ಮೇಲಿಡಬೇಕು, ಅವನು ಅದನ್ನು ಹರವಿ ಎಣಿಸಿ ಬಿಲ್ಲೆಗಳನ್ನು ಮುಂದೆ ಸರಿಸುತ್ತಾನೆ. ಎಲೆ ಬೀಳತೊಡಗಿದ ಮೇಲೆ ಇಟ್ಟ ಪಣವನ್ನು ಮುಟ್ಟಬಾರದು. ಮುಖ ಮೇಲಾಗಿ ಹಂಚಿದ ಎಲೆಗಳನ್ನೂ ಮುಟ್ಟಬಾರದು. ‘ಹಾಕು’, ‘ಬೇಡ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಕ್ಯಾಮರಾಕ್ಕೆ ಬೇಕಾದುದು ಸನ್ನೆ: ಎಲೆ ಬೇಕಾದರೆ ಬೆರಳಿನಿಂದ ಮೇಜನ್ನು ತಟ್ಟುವುದು, ಬೇಡವಾದರೆ ಅಂಗೈಯನ್ನು ಅಡ್ಡಡ್ಡಲಾಗಿ ಆಡಿಸುವುದು. ಇಮ್ಮಡಿಸುವುದಾದರೆ ಅಷ್ಟೇ ಬಿಲ್ಲೆಗಳನ್ನು ಮೊದಲ ಪಣದ ಪಕ್ಕದಲ್ಲಿಟ್ಟು ಒಂದು ಬೆರಳು, ಜೋಡಿ ಒಡೆಯುವುದಾದರೆ ಎರಡು ಬೆರಳು ತೋರಿಸುತ್ತಾರೆ. ಮೇಜಿನಲ್ಲಿ ಕುಳಿತು ಫೋನು ನೋಡುವುದು ನಿಷಿದ್ಧ.

ಇನ್ನೊಂದು ಮರ್ಯಾದೆ ಕ್ಯಾಮರಾಕ್ಕೆ ಸಂಬಂಧಿಸಿದುದಲ್ಲ. ಕೊನೆಯ ಕುರ್ಚಿಯವನು ಎಲೆ ಕೇಳಿದ ಮೇಲೆ ಹಂಚುವವನು ಗೆದ್ದರೆ ‘ಇವನು ನಮ್ಮ ಎಲೆ ಎಳೆದುಬಿಟ್ಟ’ ಎಂದು ಉಳಿದವರು ಕೆಂಡಕಾರುವುದುಂಟು. ಮುಂದಿನ ಎಲೆ ಯಾವುದೆಂದು ಯಾರಿಗೂ ತಿಳಿಯದಿರುವಾಗ ಅವನ ಎಳೆತದಿಂದ ಕೆಡುಕಾದಷ್ಟೇ ಸಲ ಒಳಿತೂ ಆಗುತ್ತದೆ. ಪರರ ಆಟಕ್ಕೆ ಕೇಳದೆ ಬುದ್ಧಿ ಹೇಳದಿರುವುದೂ, ಸೋಲಿಗೆ ನೆರೆಯವನನ್ನು ದೂರದಿರುವುದೂ ನಮ್ಮೂರ ಕಟ್ಟೆಯ ಮೇಲೂ ಒಪ್ಪುವ ಸಭ್ಯತೆಯಲ್ಲವೆ?

ಕಳೆಯುವ ಲೆಕ್ಕ

ಇಷ್ಟು ನ್ಯಾಯವಾಗಿ ನಡೆಯುವ ಆಟದಲ್ಲಿ ಹಡಗಿನ ಒಡೆಯನಿಗೆ ಲಾಭವೆಲ್ಲಿಂದ ಬಂತು? ಮೋಸದಿಂದಲ್ಲ, ಸರದಿಯಿಂದ. ಆಟಗಾರನೂ ಹಂಚುವವನಂತೆಯೇ ಹದಿನೇಳರವರೆಗೆ ಎಳೆಯುತ್ತಾನೆಂದು ಇಟ್ಟುಕೊಳ್ಳಿ. ಇಬ್ಬರೂ ನೂರರಲ್ಲಿ ಸುಮಾರು 28 ಸಲ ಮೀರುತ್ತಾರೆ. ಹೀಗೆ ನೂರರಲ್ಲಿ ಸುಮಾರು ಎಂಟು ಸಲ ಇಬ್ಬರೂ ಮೀರುವವರೇ. ನ್ಯಾಯವಾಗಿ ಅದು ಸಮ. ಆದರೆ ಆಟಗಾರ ಮೊದಲು ಮೀರಿದ್ದಾನೆ, ಅವನ ಬಿಲ್ಲೆ ಆಗಲೇ ಹೋಗಿದೆ. ಬ್ಲ್ಯಾಕ್‌ಜಾಕಿಗೆ ಸಿಗುವ ಹೆಚ್ಚಿನ ಹಣದಿಂದ ಎರಡು ರೂಪಾಯಿ ಚಿಲ್ಲರೆ ಮರಳಿದರೂ ನೂರಕ್ಕೆ ಐದೂವರೆ ರೂಪಾಯಿಯಷ್ಟು ಸರಾಸರಿ ನಷ್ಟ ಉಳಿಯುತ್ತದೆ. ಸುತ್ತಿಗೆ ಐನೂರರಂತೆ ಗಂಟೆಗೆ 60 ಸುತ್ತು ಆಡಿದವನು 30,000 ರೂಪಾಯಿ ಪಣವಿಟ್ಟಂತಾಯಿತು. ಅದರ ಮೇಲೆ ಗಂಟೆಗೆ 1,650 ರೂಪಾಯಿ ತೆರಿಗೆ!

ಹಂಚುವವನ ಎಲೆ ಎಕ್ಕವಾದಾಗ ‘ವಿಮೆ ಬೇಕೆ?’ ಎಂದು ಕೇಳುತ್ತಾರೆ. ಅವನಿಗೆ ಬ್ಲ್ಯಾಕ್‌ಜಾಕ್ ಬಂದರೆ ವಿಮೆಯ ಹಣಕ್ಕೆ ಇಮ್ಮಡಿ ಕೊಡುವ ಕರಾರು. ಹದಿಮೂರು ಬಗೆಯ ಎಲೆಗಳಲ್ಲಿ ಹತ್ತರ ಬೆಲೆಯವು ನಾಲ್ಕು. ಹತ್ತು ಹತ್ತು ರೂಪಾಯಿಯಂತೆ ಹದಿಮೂರು ಸಲ ವಿಮೆ ಮಾಡಿದವನಿಗೆ ನಾಲ್ಕು ಸಲ ಎಂಬತ್ತು ಬಂದು, ಒಂಬತ್ತು ಸಲ ತೊಂಬತ್ತು ಹೋಗುತ್ತದೆ. ಹೆಸರು ವಿಮೆ, ಗುಣ ಜೂಜು.

ಈ ನಷ್ಟವನ್ನು ತಗ್ಗಿಸಬಹುದೆಂದು ತೋರಿಸಿದವರು ಅಮೆರಿಕದ ಸೈನ್ಯದಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿಯೇ ಅವರು ಗಣಕಯಂತ್ರದ ಗುಂಡಿ ಒತ್ತಿ ಒತ್ತಿ ಮಾಡಿದ ಲೆಕ್ಕ ಪ್ರಕಟವಾಯಿತು. ಅದರ ಸಾರ ಇಷ್ಟು: ಹಂಚುವವನ ಎಲೆ ಏಳು ಅಥವಾ ಮೇಲ್ಪಟ್ಟಿದ್ದರೆ ಹದಿನೇಳಾಗುವವರೆಗೆ ಎಳೆಯಿರಿ, ನಾಲ್ಕು, ಐದು, ಆರು ಇದ್ದರೆ ಹನ್ನೆರಡಕ್ಕೇ ನಿಂತು ಅವನು ಮೀರಲೆಂದು ಕಾಯಿರಿ, ಎಕ್ಕದ ಜೋಡಿ, ಎಂಟರ ಜೋಡಿ ಒಡೆಯಿರಿ, ಹತ್ತರ ಜೋಡಿಯನ್ನು ಒಡೆಯಬೇಡಿ. ಪೂರ್ಣ ಕೋಷ್ಟಕದಂತೆ ಆಡಿದರೆ ಒಳ್ಳೆಯ ನಿಯಮಗಳ ಮೇಜಿನಲ್ಲಿ ನಷ್ಟ ನೂರಕ್ಕೆ ಅರ್ಧ ರೂಪಾಯಿಯ ಸುಮಾರಿಗೆ ಇಳಿಯುತ್ತದೆ. ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಅಧ್ಯಾಪಕ 1962ರ ತನ್ನ ಪುಸ್ತಕದಲ್ಲಿ, ಹೋದ ಎಲೆಗಳ ಎಣಿಕೆಯಿಟ್ಟು ಮೇಲುಗೈ ಪಡೆಯುವ ದಾರಿಯನ್ನೂ ತೋರಿಸಿದ. ಜೂಜುಮನೆಗಳು ಕಟ್ಟುಗಳನ್ನು ಹೆಚ್ಚಿಸಿ, ಮೇಲಿಂದ ಮೇಲೆ ಕಲಸಿ, ಆ ದಾರಿಗೆ ಬೇಲಿ ಹಾಕಿದವು.

ಗಡಿಯ ಆಚೆ, ಈಚೆ

ನಮ್ಮಲ್ಲಿ 1963ರ ಪೋಲೀಸ್ ಕಾಯಿದೆಯಂತೆ ಜೂಜುಕಟ್ಟೆ ನಡೆಸುವವನೂ ಅಪರಾಧಿ, ಅಲ್ಲಿ ಆಡುತ್ತ ಸಿಕ್ಕಿದವನೂ ಅಪರಾಧಿ. ಗೋವೆಯಲ್ಲಿ 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳ ಯಂತ್ರಗಳಿಗೂ, 1996ರಲ್ಲಿ ಹಡಗಿನ ಮೇಜುಗಳಿಗೂ ಅನುಮತಿ ದೊರೆಯಿತು. ಇಪ್ಪತ್ತೊಂದು ವರ್ಷ ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. 2020ರ ಫೆಬ್ರವರಿಯಿಂದ ಗೋವೆಯ ಸರಕಾರ ತನ್ನ ಪ್ರಜೆಗಳನ್ನೇ ಆ ಮೇಜುಗಳಿಂದ ದೂರವಿರಿಸಿತು. ಆಟ ಪ್ರವಾಸಿಗರಿಗೆ ಮಾತ್ರ ಎಂದಿತು. ತನ್ನ ಮನೆಯ ಮಕ್ಕಳಿಗೆ ಬೇಡವೆಂದು ಬದಿಗಿಟ್ಟ ಊಟವನ್ನು ನೆರೆಯವರಿಗೆ ಬಡಿಸುವಾಗ ನೆರೆಯವರು ಕ್ಷಣಕಾಲ ಯೋಚಿಸುವುದು ಒಳ್ಳೆಯದು. ದುರ್ಯೋಧನನ ಪರವಾಗಿ ಶಕುನಿ ದಾಳ ಉರುಳಿಸುವನೆಂದು ತಿಳಿದ ಮೇಲೂ ಕುಳಿತ ಧರ್ಮರಾಯ, ನಿಯಮ ಬಲ್ಲದವನೇನೂ ಅಲ್ಲ.

ಕುತೂಹಲವಿದ್ದವರು ಘಟ್ಟ ಇಳಿಯಬೇಕಾಗಿಲ್ಲ. ಮಳೆಗಾಲದ ಸಂಜೆ ಮನೆಯ ಪಡಸಾಲೆಯಲ್ಲಿ ಹುಣಸೆಬೀಜಗಳನ್ನೇ ಪಣವಾಗಿಟ್ಟು ಮಕ್ಕಳೊಡನೆ ಆಡಿ ನೋಡಿ. ಅವರಿಗೆ ಕೂಡುವ ಲೆಕ್ಕವೂ ಬಂದೀತು. ಆಟಗಾರ ಮೀರಿದ ಮೇಲೂ ಹಂಚುವವನು ತನ್ನ ಎಲೆಗಳನ್ನು ಪೂರ್ತಿ ಎಳೆಯಲಿ. ಇಬ್ಬರೂ ಮೀರಿದಾಗಲೆಲ್ಲ ಪಾಟಿಯ ಮೇಲೆ ಒಂದೊಂದು ಗೆರೆ ಹಾಕಿ. ಕೆಲವು ಸಂಜೆಗಳಾದ ಮೇಲೆ ಆ ಗೆರೆಗಳನ್ನು ಎಣಿಸಿದರೆ, ಮಾಂಡವಿಯ ಹಡಗಿನ ದೀಪಗಳಿಗೆ ಎಣ್ಣೆ ಎಲ್ಲಿಂದ ಬರುತ್ತದೆಂಬುದು ಮಕ್ಕಳಿಗೂ ತಿಳಿಯುತ್ತದೆ.